ಹತ್ತು ಗಂಟೆಯ ಚಮಚ

“ಅಂಗಡಿಗೋ ಮನೆಗೋ?” ಎಂದು ಐಸಿನವನು ಕೇಳುವಷ್ಟರಲ್ಲಿ ಮಂಜುಗಡ್ಡೆಯ ಅರ್ಧ ಭಾಗವನ್ನು ಗಾಡಿಯಿಂದ ಕೆಳಗೆ ಎಳೆದಾಗಿತ್ತು. ಗೋಣಿ ಸುತ್ತಿದ ಗಡ್ಡೆ. ಅದರ ಮೂಲೆಯಿಂದ ನೀರು ಅವನ ಮೊಣಕೈವರೆಗೂ ಇಳಿಯುತ್ತಿತ್ತು.

“ಮನೆಗೆ,” ಎಂದಳು ಮಗಳು.

“ದಿನಾ ಅಂಗಡಿಗಲ್ವಾ ಹಾಕೋದು? ಆಮೇಲೆ ನಿಮ್ಮಪ್ಪ ನನ್ನ ಮೇಲೆ ಹಾರಾಡ್ತಾರೆ.”

“ಇವತ್ತು ಮನೆಗೇ. ಅಪ್ಪನಿಗೆ.”

“ಅಪ್ಪನಿಗೆ ಅಂತ ನನಗೆ ಗೊತ್ತಿಲ್ವಾ? ಈ ಬೀದೀಲಿ ಐಸು ತಗೊಳ್ಳೋರು ಇನ್ಯಾರಿದಾರೆ?” ಎಂದವನು ಆಗ ತಲೆ ಎತ್ತಿ ನೋಡಿದ. ಮನೆಯ ಮುಂದೆ ಬೇರೆ ಬೇರೆ ಮನೆಗಳಿಂದ ತಂದ ಬೇರೆ ಬೇರೆ ಬಣ್ಣದ ಕುರ್ಚಿಗಳು ಸಾಲಾಗಿದ್ದವು. ಕೂತವರು ಯಾರೂ ಮಾತಾಡುತ್ತಿರಲಿಲ್ಲ. ಗಡ್ಡೆಯನ್ನು ಇಳಿಸುವುದೋ ಮತ್ತೆ ಗಾಡಿಗೆ ತಳ್ಳುವುದೋ ತೋಚದೆ ಅವನು ಅದನ್ನು ಎದೆಗೆ ಅವುಚಿಕೊಂಡು ನಿಂತ.

“ಯಾವಾಗ?”

“ನಿನ್ನೆ ಬೆಳಗ್ಗೆ. ಅಂಗಡೀಲೇ.”

“ನಿನ್ನೆ ಬೆಳಗ್ಗೆ ನಾನೇ ಐಸು ಹಾಕಿ ಹೋದ್ನಲ್ಲ. ಗಡ್ಡೆ ಸಣ್ಣದಾಯ್ತು ಅಂತ ಜಗಳ ಆಡಿದ್ರಲ್ಲ.”

ಅವಳೇ ಏನೋ ತಪ್ಪಾಗಿ ತಿಳಿದುಕೊಂಡಿದ್ದಾಳೆ ಎನ್ನುವಂತಿತ್ತು ಅವನ ದನಿ. ನಿನ್ನೆಯಿಂದ ಹೀಗೇ ಆಗುತ್ತಿತ್ತು. ಸುದ್ದಿ ಕೇಳಿದವರೆಲ್ಲ ಅವಳೊಡನೆ ವಾದಕ್ಕೆ ನಿಲ್ಲುತ್ತಿದ್ದರು: ಮೊನ್ನೆ ತಾನೇ ಸಿಕ್ಕಿದ್ದರು, ಗಟ್ಟಿಮುಟ್ಟಾಗಿದ್ದರು, ನಾಳೆ ಬಾ ಅಂದಿದ್ದರು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೆಲಸ ಅವಳದು. ತಮ್ಮದಲ್ಲದ ಪೊಟ್ಟಣ ಮನೆಗೆ ಬಂದಿದೆ ಎಂದು ಕೌಂಟರಿಗೆ ತಂದು ನಿಲ್ಲುವವರೂ ಹೀಗೇ ಮಾತಾಡುತ್ತಾರೆ.

ಮುಂದಿನ ಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದ ಮಂಚದ ಕೆಳಗೆ ಅಗಲವಾದ ತಗಡಿನ ತಟ್ಟೆಗಳನ್ನಿಟ್ಟು ಐಸು ಒಡೆದು ತುಂಬಿದರು. ಮಣ್ಣು ಮಾಡಲು ಕರೆದೊಯ್ಯುವ ವ್ಯಾನು ಬರುವುದು ಮಧ್ಯಾಹ್ನ ಎರಡಕ್ಕೆ. ಅಲ್ಲಿಯವರೆಗೆ ಬಿಸಿಲು ತಡೆಯಬೇಕಿತ್ತು.

“ಉಪ್ಪು ಹಾಕಿದ್ರೆ ಐಸು ಇನ್ನೂ ತಣ್ಣಗಾಗುತ್ತೆ ಅಂತ ಇವನೇ ಹೇಳ್ತಿದ್ದ. ಹಾಕೋಣ್ವಾ?” ಎಂದಳು ಸತ್ತವನ ಅಕ್ಕ. ಮಗಳಿಗೆ ಸೋದರತ್ತೆ, ನಿನ್ನೆಯಿಂದ ಮನೆಯ ಉಸ್ತುವಾರಿಯೆಲ್ಲ ಅವಳದೇ.

ಎದುರುಮನೆಯ ಬಡಗಿ ಉಕ್ಕಿದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ. ನಿವೃತ್ತ ಮೇಷ್ಟ್ರು ಮಾತ್ರ ಗಂಭೀರವಾಗಿ ಯೋಚಿಸಿ, “ತಣ್ಣಗೇನೋ ಆಗುತ್ತೆ, ಆದ್ರೆ ಬೇಗ ಕರಗುತ್ತೆ,” ಎಂದರು.

“ಹಾಗಾದ್ರೆ ಬೇಡ,” ಎಂದಳು ಅತ್ತೆ.

ಅಮ್ಮ ಗೋಡೆಗೆ ಒರಗಿ ಮೋಟು ಸ್ಟೂಲಿನ ಮೇಲೆ ಕೂತಿದ್ದಳು. ನಿನ್ನೆಯಿಂದ ಒಂದು ಹನಿಯೂ ಅತ್ತಿರಲಿಲ್ಲ.

ಬೀದಿಯಲ್ಲಿ ಅಪ್ಪನನ್ನು ಎಲ್ಲರೂ ಐಸಣ್ಣ ಎನ್ನುತ್ತಿದ್ದರು. ಕಂಬಕ್ಕೆ ಅಂಟಿಸಿದ ಕಾಗದದಲ್ಲಿ ಅವನ ನಿಜವಾದ ಹೆಸರು ಓದಿದ ಇಬ್ಬರು, ಇದ್ಯಾರಪ್ಪ ನಮ್ಮ ಬೀದಿಯಲ್ಲಿ ಎಂದು ವಿಚಾರಿಸಿಕೊಂಡು ಬಂದು, ಬಂದ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಆಮೇಲೆ ಬಡಗಿ ಹೋಗಿ ಹೆಸರಿನ ಕೆಳಗೆ ಪೆನ್ಸಿಲ್ಲಿನಲ್ಲಿ ‘ಐಸಣ್ಣ’ ಎಂದು ಬರೆದು ಬಂದ.

“ಎಷ್ಟು ವಿಷಯ ಗೊತ್ತಿತ್ತು ಅವರಿಗೆ,” ಎಂದರು ಮೇಷ್ಟ್ರು, ಮೌನ ತಡೆಯಲಾರದೆ. “ಐಸ್‌ಕ್ರೀಮಿನ ಇತಿಹಾಸಾನೇ ಹೇಳ್ತಿದ್ರು. ಯಾವುದೋ ಕಾಲದ ಚಕ್ರವರ್ತಿ ಬೆಟ್ಟದಿಂದ ಹಿಮ ತರಿಸಿ, ಮೇಲೆ ಜೇನು ಸುರಿಸ್ಕೊಂಡು ತಿಂತಿದ್ದನಂತೆ. ಪಾಠದ ಮಧ್ಯೆ ತಿನ್ನೋ ಅಭ್ಯಾಸ ಇದ್ದ ರಾಜ. ಗುರುಗಳಿಗೆ ಮೊದಲು ಒಂದು ಬಟ್ಟಲು ಕೊಟ್ಟು ಆಮೇಲೆ ತಾನು ತಿಂತಿದ್ದ.”

“ಗುರುಗಳಾ?” ಎಂದ ಬಡಗಿ. “ನನಗೆ ಹಾಗೆ ಹೇಳಿಲ್ಲವಲ್ಲ. ಐಸ್‌ಕ್ರೀಂ ಕಂಡುಹಿಡಿದೋನೇ ಒಬ್ಬ ಬಡಗಿ ಅಂದಿದ್ದ. ಹಿಮ ಇದ್ರೆ ಏನು ಬಂತು, ಅದನ್ನ ಹಿಡಿದಿಡೋಕೆ ಮರದ ಬಕೆಟ್ಟು ಬೇಕಲ್ವಾ?”

“ಅದು ಹೇಗೆ ಸಾಧ್ಯ?”

“ನೀವೇ ಕೇಳಿ ನೋಡಿ,” ಎಂದ ಬಡಗಿ ಮಂಚದ ಕಡೆ ಕೈ ತೋರಿಸಿ, ತೋರಿಸಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

“ನನಗೆ ಅಡುಗೆಯೋನು ಕಂಡುಹಿಡಿದ ಅಂದಿದ್ದ,” ಎಂದಳು ಅತ್ತೆ. “ಅಕ್ಕನಿಗೆ ಜ್ವರ ಬಂದಾಗ ತಮ್ಮ ಮಾಡಿಕೊಟ್ಟ ಅಂತಾನೂ ಒಂದ್ಸಲ ಅಂದಿದ್ದ. ಎದುರಿಗೆ ಯಾರಿದಾರೋ ಅವರಿಗೆ ತಕ್ಕ ಹಾಗೆ ಹೇಳ್ತಿದ್ದ. ಚಿಕ್ಕಂದಿನಿಂದ ಹಾಗೇ.”

ಇಷ್ಟರಲ್ಲಿ ಕುರ್ಚಿಗಳ ಕಡೆಯ ಸಾಲಿಗೆ ಒಬ್ಬ ಹೆಂಗಸು ಬಂದು ಕೂತಳು. ಐವತ್ತೈದರ ಸುಮಾರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು. ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟ ಟೈಲರಮ್ಮ. ಗೋಡೆಯ ಗಡಿಯಾರ ಸರಿಯಾಗಿ ಹತ್ತು ತೋರಿಸುತ್ತಿತ್ತು.

“ಬಂದ್ಳು,” ಎಂದಳು ಅತ್ತೆ ಮಗಳ ಕಿವಿಯಲ್ಲಿ.

“ಯಾರು, ಟೈಲರಮ್ಮನಾ? ಬರಲಿ ಬಿಡಿ.”

“ನಿನಗೇನೂ ಗೊತ್ತಿಲ್ವೇನೇ? ಹನ್ನೊಂದು ವರ್ಷದಿಂದ ದಿನಾ ಬೆಳಗ್ಗೆ ಹತ್ತು ಗಂಟೆಗೆ ನಿಮ್ಮಪ್ಪನ ಅಂಗಡಿ ಹಿಂದಿನ ಬಾಗಿಲಿಂದ ಒಳಗೆ ಹೋಗ್ತಾಳೆ. ಹತ್ತು ನಿಮಿಷ ಬಾಗಿಲು ಮುಚ್ಚಿರುತ್ತೆ. ಆಮೇಲೆ ಬಾಯಿ ಒರೆಸ್ಕೊಂಡು ಆಚೆ ಬರ್ತಾಳೆ. ಬೀದಿಗೆಲ್ಲ ಗೊತ್ತು. ನಿಮ್ಮಮ್ಮನಿಗೂ ಗೊತ್ತು.”

ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋಗಿ ಹದಿಮೂರು ವರ್ಷವಾಗಿತ್ತು. ಭಾನುವಾರ ಬಂದು ಹೋಗುವವಳಿಗೆ ದಿನದ ಹತ್ತು ಗಂಟೆಯ ಸಂಗತಿ ತಿಳಿಯುವ ಹಾಗಿರಲಿಲ್ಲ. ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಟೈಲರಮ್ಮನನ್ನೇ ನೋಡುತ್ತಿದ್ದಳು. ಕೋಪದಿಂದಲ್ಲ, ದಾರ ಪೋಣಿಸಲಾಗದೆ ಸೂಜಿಯ ಕಣ್ಣನ್ನು ದಿಟ್ಟಿಸುವವರ ಹಾಗೆ.

“ಇಲ್ಲಿ ಬಾ,” ಎಂದು ಅಮ್ಮ ಮಗಳನ್ನು ಕರೆದಳು. “ಅವರನ್ನ ಕಳಿಸು ಅಂತ ಹೇಳ್ತಿಲ್ಲ. ಯಾಕೆ ಬರ್ತಿದ್ರು ಅಂತ ಕೇಳ್ಕೊಂಡು ಬಾ.”

“ಇವತ್ತೇನಾ ಅಮ್ಮಾ? ಇಷ್ಟು ವರ್ಷ ಕೇಳಿಲ್ಲ.”

“ಇವತ್ತೇ. ವ್ಯಾನು ಬರೋದ್ರೊಳಗೆ. ನನಗೆ ಹೇಗೆ ಅಳಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೇ. ಎಂಥವರು ಹೋದ್ರು ಅಂತ ತಿಳಿದ್ರೆ ಅತ್ತುಬಿಡ್ತೀನಿ.”

* * *

ಅಮ್ಮ ಅವನನ್ನು ಮೊದಲು ನೋಡಿದ್ದು ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ. ಅವಳಿಗಾಗ ಇಪ್ಪತ್ತೊಂದು. ನಾಲ್ಕು ಗಂಟೆಯ ಪಾಳಿ ಮುಗಿಸಿ ಹೆಂಗಸರೆಲ್ಲ ಆಚೆ ಬರುವ ಹೊತ್ತಿಗೆ ತಳ್ಳುಗಾಡಿಯ ಮೇಲೆ ಒಂದು ಮರದ ಬಕೆಟ್ಟು, ಅದರ ಹಿಡಿಕೆಯನ್ನು ತಿರುಗಿಸುತ್ತಾ ಒಬ್ಬ ಸಣಕಲ ಯುವಕ. ಬಕೆಟ್ಟಿನೊಳಗೆ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಹಾಲು, ಡಬ್ಬಿಯ ಸುತ್ತ ಐಸು. ಆ ಐಸಿನ ಮೇಲೆ ಅವನು ಹಿಡಿ ಹಿಡಿ ಉಪ್ಪು ಎರಚುವುದನ್ನು ಕಂಡು ಅವಳು ನಿಂತಳು.

“ಸಿಹಿ ತಿಂಡಿಗೆ ಉಪ್ಪು ಯಾಕೆ?”

“ಒಳಗೆ ಹೋಗಲ್ಲ, ಹೆದರಬೇಡಿ,” ಎಂದ. “ಐಸು ಕರಗಬೇಕಾದ್ರೆ ಅದಕ್ಕೆ ಬಿಸಿ ಬೇಕು. ಆ ಬಿಸಿನ ಹಾಲಿಂದ ಕಿತ್ಕೊಳ್ಳುತ್ತೆ. ಉಪ್ಪು ಬಿದ್ರೆ ಐಸಿಗೆ ಕರಗೋ ಅವಸರ ಜಾಸ್ತಿ. ಅಷ್ಟೇ ಗುಟ್ಟು. ಮೊದಲೆಲ್ಲ ರಾಜರು ಮಾತ್ರ ತಿಂತಿದ್ದದ್ದು. ಬೆಟ್ಟದಿಂದ ಹುಲ್ಲಲ್ಲಿ ಸುತ್ಕೊಂಡು ಹಿಮ ಹೊತ್ತು ಓಡಿ ಬರೋರು. ಅರಮನೆ ಸೇರೋ ಹೊತ್ತಿಗೆ ಅರ್ಧ ಕರಗಿರೋದು. ಅದು ಹೇಗೋ ಸೋರಿ ಸೋರಿ ಬೀದಿಗೆ ಬಂತು. ಈಗ ಬಟ್ಟೆ ಕಾರ್ಖಾನೆಯೋರೂ ತಿಂತಾರೆ. ರಾಜರು ಇದ್ದಿದ್ರೆ ಹೊಟ್ಟೆ ಉರ್ಕೋತಿದ್ರು.”

ಅವಳು ನಗುತ್ತಾ ತಾನೂ ಹಿಡಿಕೆ ತಿರುಗಿಸಿ ನೋಡಿದಳು. ಎರಡು ದಿನ ತೋಳು ಎತ್ತಲಾಗಲಿಲ್ಲ. ಮೂರನೆಯ ದಿನ ಮತ್ತೆ ಹೋದಳು.

ಮದುವೆಯಾದ ಮೇಲೆ ತಿಳಿದದ್ದೇನೆಂದರೆ, ಗಾಡಿಯ ಮುಂದೆ ಅಷ್ಟು ಮಾತಾಡುವ ಮನುಷ್ಯ ಊಟದ ಮುಂದೆ ಮೂಕ. ಏನು ಮಾಡಿ ಬಡಿಸಿದರೂ “ಹೂಂ”. ಹೇಗಿದೆ ಎಂದರೂ “ಹೂಂ”. ಗಾಡಿ ಹೋಗಿ ಅಂಗಡಿಯಾಯಿತು, ಕೈ ಹಿಡಿಕೆ ಹೋಗಿ ಮೋಟಾರು ಬಂತು, ಬೀದಿಯ ಮೂಲೆಗೆ ದೊಡ್ಡ ಕಂಪನಿಯೊಂದರ ಬಣ್ಣದ ಕೊಡೆಯ ಫ್ರೀಜರು ಬಂದು ನಲವತ್ತು ಬಗೆ ಮಾರತೊಡಗಿತು. ಐಸಣ್ಣ ಮಾತ್ರ ಅದೇ ಮರದ ಬಕೆಟ್ಟಿನಲ್ಲಿ ಅದೇ ಮೂರು ಬಗೆ ಮಾಡಿದ: ಬರಿ ಹಾಲಿನದು, ನಿಂಬೆಯದು, ಹುರಿದ ಬಾದಾಮಿಯದು. ಜನ ನಲವತ್ತನ್ನೂ ನೋಡಿಕೊಂಡು ವಾಪಸು ಇವನ ಮೂರಕ್ಕೇ ಬಂದರು. ಮನೆಯಲ್ಲಿ ಇಪ್ಪತ್ತೇಳು ವರ್ಷ ಅದೇ “ಹೂಂ” ನಡೆಯಿತು.

ಹನ್ನೊಂದು ವರ್ಷದ ಹಿಂದೆ ಅವನು ಅಂಗಡಿಯ ಒದ್ದೆ ನೆಲದಲ್ಲಿ ಜಾರಿ, ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದ. ಬಂದು ಕೆಲವು ವಾರಕ್ಕೆಲ್ಲ ಒಂದು ಸಂಜೆ, ಕೇಳದೇ ಬಾಯಿ ಬಿಟ್ಟ. “ಇವತ್ತಿನ ಊಟದ ಡಬ್ಬೀಲಿ ಕುಂಬಳಕಾಯಿಗೆ ಮೆಣಸು ಒಂದು ಚೂರು ಮುಂದಾಗಿತ್ತು. ಆದ್ರೆ ಬೆಳ್ಳುಳ್ಳಿ ನೀನು ಸರಿಯಾಗಿ ಹುರಿದಿದ್ದೆ.”

ಅಮ್ಮನ ಕೈಯಿಂದ ಸೌಟು ಬಿತ್ತು. ಅಂದಿನಿಂದ ದಿನಾ ಒಂದು ಮಾತು. ಅಮ್ಮ ಮೊದಲು ಬೀಗಿದಳು. ಆಮೇಲೆ, ಬೆಳಗಿನ ಹತ್ತು ಗಂಟೆಯ ಸಂಗತಿ ಕಿವಿಗೆ ಬಿದ್ದ ಮೇಲೆ, ಎರಡನ್ನೂ ಒಂದಕ್ಕೊಂದು ಜೋಡಿಸಿದಳು. ಇಪ್ಪತ್ತೇಳು ವರ್ಷ ಸುಮ್ಮನಿದ್ದ ಗಂಡ ಒಮ್ಮೆಗೇ ಹೊಗಳಲು ಶುರು ಮಾಡಿದ್ದಾನೆ ಎಂದರೆ, ಮನಸ್ಸಿನಲ್ಲಿ ಏನೋ ಚುಚ್ಚುತ್ತಿರಬೇಕು.

* * *

ಮಗಳು ಟೈಲರಮ್ಮನನ್ನು ಮನೆಯ ಎದುರು ಓಣಿಯಲ್ಲಿದ್ದ ಅಂಗಡಿಗೇ ಕರೆದೊಯ್ದಳು. ಮನೆಯಲ್ಲಿ ಮಾತಾಡಲು ಜಾಗವಿರಲಿಲ್ಲ. ಹಿಂದಿನ ಬಾಗಿಲು ತೆರೆದರೆ ಹಾಲಿನ ವಾಸನೆ, ಒದ್ದೆ ಮರದ ವಾಸನೆ. ಟೈಲರಮ್ಮ ಕೇಳದೇ ಹೋಗಿ ಒಂದು ಮೋಟು ಬೆಂಚಿನ ಎಡತುದಿಯಲ್ಲಿ ಕೂತಳು. ಅಲ್ಲಿ ಮರ ನುಣುಪಾಗಿತ್ತು.

“ನೀವು ದಿನಾ ಇಲ್ಲಿಗೆ ಬರ್ತಿದ್ರಂತೆ,” ಎಂದು ಮಗಳು ಶುರು ಮಾಡಿದಳು.

“ಬರ್ತಿದ್ದೆ. ರುಚಿ ನೋಡೋಕೆ.”

“ಏನು ರುಚಿ?”

“ಐಸ್‌ಕ್ರೀಮಿನದು. ನಿಮ್ಮಪ್ಪನಿಗೆ ರುಚಿ ತಿಳೀತಿರಲಿಲ್ಲ ಕಣಮ್ಮ. ಬಿದ್ದು ಪೆಟ್ಟು ಮಾಡ್ಕೊಂಡ್ರಲ್ಲ, ಅವತ್ತಿಂದ. ಮೂಗೂ ಹೋಯ್ತು, ನಾಲಿಗೆನೂ ಹೋಯ್ತು. ಉಪ್ಪಿಲ್ಲ, ಹುಳಿಯಿಲ್ಲ, ಸಿಹಿಯಿಲ್ಲ. ಬಾಯಲ್ಲಿ ಬರಿ ತಣ್ಣಗೆ, ಬಿಸಿ, ಮೆತ್ತಗೆ, ಗಟ್ಟಿ, ಇಷ್ಟೇ. ಬಂದರೂ ಬರಬಹುದು ಅಂದ್ರಂತೆ ಡಾಕ್ಟ್ರು. ಬರಲಿಲ್ಲ.”

ಮಗಳಿಗೆ ನಗು ಬಂದಂತಾಯಿತು, ಮತ್ತೆ ಅದು ನಗುವಲ್ಲ ಎನ್ನಿಸಿತು. ಈ ಬೀದಿಯ ಜನ ಅಪ್ಪನ ನಾಲಿಗೆಯ ಮೇಲೆ ಆಣೆ ಹಾಕುತ್ತಿದ್ದರು.

“ನಮಗೆ ಯಾರಿಗೂ ಹೇಳಲಿಲ್ಲವಲ್ಲ.”

“ಹೇಳೋದು ಹೇಗೆ ಅಂತ ಅವರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯಿಂದ ಬಂದ ರಾತ್ರಿ ನಿಮ್ಮಮ್ಮ ಅಕ್ಕರೆಯಿಂದ ಮಾಡಿ ಬಡಿಸಿ ಹೇಗಿದೆ ಅಂದ್ರಂತೆ. ಇವರು ಹೂಂ ಅಂದುಬಿಟ್ರಂತೆ. ಅವತ್ತು ಹೇಳದೆ ಇದ್ದದ್ದನ್ನ ಮಾರನೇ ದಿನ ಯಾವ ಬಾಯಲ್ಲಿ ಹೇಳಲಿ ಅಂತಿದ್ರು. ಅದೂ ಅಲ್ಲದೆ ಬೀದಿಗೆ ಗೊತ್ತಾದ್ರೆ? ಮೂಲೇಲಿ ಕೊಡೆ ಫ್ರೀಜರು ಕಾಯ್ತಾ ಕೂತಿತ್ತು.”

“ನನಗಾದ್ರೂ ಹೇಳಬಹುದಿತ್ತು. ನಾನು ರುಚಿ ನೋಡ್ತಿದ್ದೆ.”

ಟೈಲರಮ್ಮ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಮೊದಲು ನಿನ್ನನ್ನೇ ಕೇಳಿದ್ರಂತೆ. ಮೂರು ಭಾನುವಾರ. ಮೂರು ಸಲವೂ ಚೆನ್ನಾಗಿದೆ ಅಂದೆಯಂತೆ. ಮೂರನೇ ಸಲ ಬೇಕು ಅಂತಲೇ ಸಕ್ಕರೆ ಹಾಕದೆ ಕೊಟ್ಟಿದ್ರಂತೆ.”

ಮಗಳಿಗೆ ನೆನಪಾಯಿತು ಎನ್ನುವಂತಿಲ್ಲ. ಎಷ್ಟೋ ಭಾನುವಾರ ಅಪ್ಪ ಬಟ್ಟಲು ಕೊಟ್ಟು ಎದುರು ನಿಂತಿದ್ದ. ಅವಳು ಫೋನಿನಲ್ಲಿ ಮಾತಾಡುತ್ತಲೋ, ಬಸ್ಸಿನ ಹೊತ್ತು ನೋಡುತ್ತಲೋ ಚೆನ್ನಾಗಿದೆ ಎಂದಿದ್ದಳು. ಅದರಲ್ಲಿ ಯಾವುದು ಸಕ್ಕರೆಯಿಲ್ಲದ ಭಾನುವಾರ ಎಂದು ಹುಡುಕುತ್ತಾ ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

* * *

ಅದು ಹನ್ನೊಂದು ವರ್ಷದ ಹಿಂದಿನ ಬೇಸಿಗೆ. ಬಕೆಟ್ಟಿನೊಳಗಿನ ಡಬ್ಬಿಗೆ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಸುತ್ತಲಿನ ಐಸು ಕರಗಿದ ಉಪ್ಪುನೀರು ಹನಿಹನಿಯಾಗಿ ಹಾಲಿಗೆ ಇಳಿದಿತ್ತು. ಐಸಣ್ಣ ಒಂದು ಚಮಚ ಬಾಯಿಗಿಟ್ಟುಕೊಂಡು, ಅಭ್ಯಾಸದಂತೆ ಕಣ್ಣು ಮುಚ್ಚಿ ತೆರೆದು, ಮಾರಲು ಕೂತ. ಮಧ್ಯಾಹ್ನವೆಲ್ಲ ಮಾರಿದ. ಮೇಷ್ಟ್ರು ತಿಂದರು. ಬಡಗಿ ಎರಡು ಸಲ ತಿಂದ. ಯಾರೂ ಏನೂ ಅನ್ನಲಿಲ್ಲ. ಏನೋ ಹೊಸ ಬಗೆ ಇರಬೇಕು ಎಂದುಕೊಂಡವರು ಕೆಲವರು. ಪಾಪ ಈಗ ತಾನೇ ಆಸ್ಪತ್ರೆಯಿಂದ ಬಂದಿದ್ದಾನೆ ಎಂದವರು ಕೆಲವರು.

ಬೀದಿಗೆ ಹೊಸದಾಗಿ ಬಂದಿದ್ದ ಹೊಲಿಗೆಯವಳೊಬ್ಬಳು ಮಾತ್ರ ಅರ್ಧ ತಿಂದ ಬಟ್ಟಲನ್ನು ವಾಪಸು ತಂದು ಕಟ್ಟೆಯ ಮೇಲಿಟ್ಟಳು.

“ಇದನ್ನ ನೀವು ತಿಂದು ನೋಡಿದ್ರಾ?”

“ತಿಂದಿದೀನಿ. ಯಾಕೆ?”

“ಇನ್ನೊಂದು ಸಲ ತಿನ್ನಿ.”

ಅವಳ ಎದುರೇ ತಿಂದ. “ಚೆನ್ನಾಗೇ ಇದೆಯಲ್ಲ,” ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಬಟ್ಟೆಯ ತಪ್ಪು ಹೊಲಿಗೆ ಹುಡುಕುವ ಕಣ್ಣು ಅದು. “ಇದು ಸಮುದ್ರದ ನೀರಿನ ಹಾಗಿದೆ,” ಎಂದಳು ಮೆಲ್ಲಗೆ. “ನಿಮಗೆ ಗೊತ್ತಾಗ್ತಿಲ್ಲ, ಅಲ್ವಾ?”

ಐಸಣ್ಣ ಎದ್ದು ಅಂಗಡಿಯ ಷಟರ್ ಎಳೆದ. ಒಳಗೆ ಹೋಗಿ ಬೆಂಚಿನ ಮೇಲೆ ಕೂತ. ಹೊರಗೆ ನಿಂತಿದ್ದ ಅವಳಿಗೆ ಕೇಳಿಸಿದ್ದು ಒಂದೇ ಮಾತು: “ಹಿಂದಿನ ಬಾಗಿಲಿಂದ ಬನ್ನಿ.”

* * *

ಮಗಳು ಅಡುಗೆಮನೆಯಲ್ಲಿ ಅಮ್ಮನನ್ನು ಕೂರಿಸಿ ಎಲ್ಲ ಹೇಳಿದಳು. ಹೇಳುತ್ತಾ ಅಮ್ಮನ ಮುಖ ಹಗುರಾಗುವುದನ್ನು ಕಾದಳು. ಹಾಗೇನೂ ಆಗಲಿಲ್ಲ.

“ಹಾಗಾದ್ರೆ ಹನ್ನೊಂದು ವರ್ಷ ನಾನು ಮಾಡಿ ಹಾಕಿದ್ದು?” ಎಂದಳು ಅಮ್ಮ.

“ಅಮ್ಮಾ, ನೀನು ಏನೇನೋ ಅಂದುಕೊಂಡಿದ್ದೆಯಲ್ಲ, ಅದು ಯಾವುದೂ ಅಲ್ಲ—”

“ಅದು ಆಗಿದ್ರೆ ಆಗಲಿ ಬಿಡು, ಅದಕ್ಕೆ ನಾನು ಎಂದೋ ಒಗ್ಗಿಹೋಗಿದ್ದೆ. ನನಗೆ ಸಕ್ಕರೆ ಕಾಯಿಲೆ, ಐಸ್‌ಕ್ರೀಂ ನೋಡೋಕೆ ನಾನು ಬೇಡ, ಸರಿ. ಆದ್ರೆ ಊಟ? ಮೆಣಸು ಮುಂದಾಯ್ತು ಅಂತಿದ್ರಲ್ಲೇ. ಬೆಳ್ಳುಳ್ಳಿ ಸರಿ ಹುರಿದಿದ್ದೆ ಅಂತಿದ್ರಲ್ಲೇ. ಅದು ಯಾರು ಹೇಳಿದ್ದು?”

ಇಷ್ಟು ಹೊತ್ತೂ ಮಗಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವಳು ಹೋಗಿ ಟೈಲರಮ್ಮನನ್ನು ಕರೆತಂದಳು. ಬಾಗಿಲಲ್ಲಿ ಅತ್ತೆ ಇಣುಕಿದಳು. ಮಗಳು ಬಾಗಿಲು ಮುಂದೆ ಮಾಡಿದಳು.

ಅಮ್ಮ ಕೂತಲ್ಲಿಂದ ಏಳಲಿಲ್ಲ. “ಕುಂಬಳಕಾಯಿಗೆ ಮೆಣಸು ಜಾಸ್ತಿ ಅಂದಿದ್ದು ನೀವಾ?”

ಟೈಲರಮ್ಮ ಸುಳ್ಳು ಹೇಳುವ ಪೈಕಿಯಲ್ಲ. “ಹೌದು. ಬೆಳಗ್ಗೆ ಅಂಗಡಿಗೆ ಬರುವಾಗ ನೀವು ಕಟ್ಟಿಕೊಟ್ಟ ಡಬ್ಬಿ ತರ್ತಿದ್ರಲ್ಲ. ಐಸ್‌ಕ್ರೀಂ ನೋಡಿದ ಮೇಲೆ ಅದನ್ನೂ ಒಂದು ಚಮಚ ನೋಡು ಅಂತಿದ್ರು. ಸಂಜೆ ಮನೆಗೆ ಹೋಗಿ ಏನಾದ್ರೂ ಹೇಳಬೇಕಲ್ಲ ಅಂತ.”

“ಮೀನಿಗೆ ನಿಂಬೆಹಣ್ಣು ಕೊನೇಲಿ ಹಿಂಡು ಅಂದಿದ್ದು?”

“ನಾನೇ.”

“ಈರುಳ್ಳಿ ಸೀದಿತ್ತು ಅಂದಿದ್ದು?”

“ಸೀದಿತ್ತು.”

“ಚೆನ್ನಾಗಿದೆ ಅಂದಿದ್ದು?”

“ಚೆನ್ನಾಗಿದ್ದಾಗ ಅಂದಿದೀನಿ.”

ಅಮ್ಮ ಸೆರಗಿನ ಅಂಚನ್ನು ಮಡಿಸಿದಳು, ಮತ್ತೆ ಬಿಡಿಸಿದಳು. “ಹಾಗಾದ್ರೆ ಹನ್ನೊಂದು ವರ್ಷ ನಾನು ಅಡುಗೆ ಮಾಡಿದ್ದು ನಿನಗೆ.” ‘ನೀವು’ ಎಂದು ಶುರು ಮಾಡಿದವಳು ‘ನೀನು’ಗೆ ಇಳಿದಿದ್ದಳು. ಕೋಪಕ್ಕೋ ಸಲಿಗೆಗೋ ಮಗಳಿಗೆ ತಿಳಿಯಲಿಲ್ಲ. ಬಹುಶಃ ಅಮ್ಮನಿಗೂ ತಿಳಿದಿರಲಿಲ್ಲ. “ನಿಂಬೆಹಣ್ಣು ಹಿಂಡಿ ಹಿಂಡಿ ಬಡಿಸಿದ್ದು ನಿನಗೆ. ಅವರು ಹೇಳಿದ್ದು ಅಂತ ಒಂದಾದ್ರೂ ಇದೆಯಾ? ಅವರದೇ ಮಾತು?”

ಟೈಲರಮ್ಮ ಕುತ್ತಿಗೆಯ ಟೇಪನ್ನು ತೆಗೆದು ಕೈಯಲ್ಲಿ ಹಿಡಿದಳು. ಹೊರಗೆ ಯಾರೋ ಕುರ್ಚಿ ಎಳೆದರು.

“ಒಂದಿದೆ. ಡಬ್ಬಿ ಮುಚ್ಚಳ ತೆಗೆದು ಒಂದು ತುತ್ತು ಬಾಯಿಗಿಟ್ಕೊಂಡು, ‘ನೋಡು, ಇವಳು ಕಟ್ಟಿದ್ದು ಇನ್ನೂ ಬಿಸಿಯಾಗಿದೆ’ ಅಂತಿದ್ರು. ದಿನಾ ಅಂತಿದ್ರು. ಬಿಸಿ ತಿಳೀತಿತ್ತಲ್ಲ ಅವರಿಗೆ. ಅದನ್ನ ನಾನು ಹೇಳಿಕೊಟ್ಟಿದ್ದಲ್ಲ.”

ಡಬ್ಬಿಗೆ ಸುತ್ತುತ್ತಿದ್ದ ದಪ್ಪ ಟವೆಲ್ಲು ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅಮ್ಮ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ವ್ಯಾನು ಬಂದು ಹಾರ್ನ್ ಮಾಡುವವರೆಗೂ ಹಾಗೇ ಇದ್ದಳು.

ಮಣ್ಣು ಮಾಡುವಾಗ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಮೇಷ್ಟ್ರು ನಾಲ್ಕು ಮಾತಾಡಲು ಎದ್ದು, ಹಿಮ ಹೊತ್ತು ಓಡುವವರಿಂದ ಶುರು ಮಾಡಿ, ಚಕ್ರವರ್ತಿಯ ಹೆಸರು ನೆನಪಾಗದೆ ನಿಲ್ಲಿಸಿದರು. ಬಡಗಿ ಪಕ್ಕದಿಂದ, “ಬಕೆಟ್ಟಿನದು ಹೇಳಿ,” ಎಂದ. ಅಮ್ಮ ಆಗ ಅತ್ತಳು. ಮೊದಲು ಟವೆಲ್ಲಿನೊಳಗೆ, ಆಮೇಲೆ ಬಾಯಿಬಿಟ್ಟು. ನಡುವೆ ಒಂದು ಸಲ, “ಒಂದು ಮಾತು ಹೇಳಬಾರದಿತ್ತಾ,” ಎಂದು ಬಯ್ದಳು. ಅವಳ ಒಂದು ಪಕ್ಕ ಮಗಳಿದ್ದಳು. ಇನ್ನೊಂದು ಪಕ್ಕ ಅತ್ತೆ ಬರುವಷ್ಟರಲ್ಲಿ ಟೈಲರಮ್ಮ ಬಂದು ನಿಂತಾಗಿತ್ತು. ಅತ್ತೆ ಇಬ್ಬರನ್ನೂ ನೋಡಿ, ಬೀದಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಈಗ ಹೇಗೆ ಅರ್ಥ ಮಾಡಿಕೊಳ್ಳಬೇಕೋ ತಿಳಿಯದೆ, ಹಿಂದಕ್ಕೆ ಸರಿದಳು.

* * *

ನಾಲ್ಕು ಗಂಟೆಗೆ ಎಲ್ಲರೂ ಬೀದಿಗೆ ವಾಪಸು ಬಂದರು. ಅಮ್ಮ ಬಾಗಿಲಲ್ಲಿ ತಿರುಗಿ ಟೈಲರಮ್ಮನಿಗೆ, “ನಾಳೆ ಹತ್ತು ಗಂಟೆಗೆ ಬಾ, ಡಬ್ಬಿ ಕಟ್ಟಿರ್ತೀನಿ,” ಎಂದಳು.